ಈ ತಲೆನೋವಿಗೆ ಮನೆಮದ್ದು ಸಾಲದು

ತಲೆನೋವಿಗೆ ಮದ್ದು ಹೇಳದವರು ನಮ್ಮಲ್ಲಿ ಯಾರಿದ್ದಾರೆ? ಮನೆಯಲ್ಲಿ ಒಬ್ಬರು ಹಣೆ ಒತ್ತಿಕೊಂಡು ಕುಳಿತರೆ ಸಾಕು, ಅಜ್ಜಿ ಶುಂಠಿ ತೇಯ್ದು ಪಟ್ಟು ಹಾಕೆನ್ನುತ್ತಾರೆ. ಅತ್ತೆ ಪಿತ್ತ ಕೆರಳಿದೆಯೆಂದು ನಿಂಬೆಹಣ್ಣಿನ ಪಾನಕ ಮಾಡಿಕೊಡುತ್ತಾರೆ. ಪಕ್ಕದ ಮನೆಯಾಕೆ ದೃಷ್ಟಿ ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಯಜಮಾನರು ಬೀದಿಯ ಮೂಲೆಯ ಔಷಧದಂಗಡಿಯಿಂದ ಎರಡು ಮಾತ್ರೆ ತರಿಸುತ್ತಾರೆ. ಬಹುಮಟ್ಟಿಗೆ ಇವುಗಳಲ್ಲಿ ಯಾವುದೋ ಒಂದರಿಂದ, ಇಲ್ಲವೆ ತನ್ನಷ್ಟಕ್ಕೆ ತಾನೇ, ನೋವು ಬಿಟ್ಟುಹೋಗುತ್ತದೆ. ಆದುದರಿಂದ ತಲೆನೋವೆಂದರೆ ನಮಗೆ ಅಷ್ಟಾಗಿ ಭಯವಿಲ್ಲ. ಭಯವಿಲ್ಲದಿರುವುದು ಒಳ್ಳೆಯದೇ.

ಆದರೆ ಕೆಲವು ಮನೆಗಳಲ್ಲಿ ಮಾತ್ರ ಒಂದು ಬಗೆಯ ತಲೆನೋವನ್ನು ಹೀಗೆ ಹಗುರಾಗಿ ಕಾಣಕೂಡದು. ಸಿಕಲ್ ಸೆಲ್ ಎಂಬ ರಕ್ತದ ರೋಗವಿರುವ ಮಗುವೋ, ಮಗಳೋ, ಸೊಸೆಯೋ ಇರುವ ಮನೆಗಳು ಅವು. ಅಂಥವರಿಗೆ ಹಿಂದೆಂದೂ ಇಲ್ಲದ ತಲೆನೋವು ಬಂದು, ದಿನದಿಂದ ದಿನಕ್ಕೆ ಏರುತ್ತ ಹೋದರೆ, ಮೆದುಳಿನ ರಕ್ತವನ್ನು ಹೊರಕ್ಕೆ ಸಾಗಿಸುವ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇದು ಅಪರೂಪದ ಸಂಗತಿ. ಆದರೆ ಪ್ರಾಣದ ಸಂಗತಿ. ಬೇಗ ಗುರುತು ಹಿಡಿದರೆ ಗುಣವಾಗುವ ಸಂಗತಿಯೂ ಹೌದು. ಇದನ್ನು ತಿಳಿದುಕೊಳ್ಳಲು ವೈದ್ಯಶಾಸ್ತ್ರವನ್ನು ಓದಿರಬೇಕಾಗಿಲ್ಲ. ಸ್ವಲ್ಪ ತಾಳ್ಮೆಯಿದ್ದರೆ ಸಾಕು.

ಊರು ಬಿಟ್ಟು ಬಂದ ಒಬ್ಬ ವಿದ್ಯಾರ್ಥಿ

ಮೊದಲು ಈ ಸಿಕಲ್ ಸೆಲ್ ಎಂದರೇನೆಂಬುದನ್ನು ನೋಡೋಣ. ಇದರ ಕಥೆ ಶುರುವಾಗುವುದು ನಮ್ಮಂತೆಯೇ ಊರು ಬಿಟ್ಟು ಬಂದ ಒಬ್ಬ ತರುಣನಿಂದ. ವೆಸ್ಟ್ ಇಂಡೀಸಿನ ಗ್ರೆನಡಾ ದ್ವೀಪದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬಾತ ೧೯೦೪ರಲ್ಲಿ ದಂತವೈದ್ಯ ಕಲಿಯಲೆಂದು ಅಮೆರಿಕದ ಷಿಕಾಗೊ ನಗರಕ್ಕೆ ಹೋದನು. ಆಗ ಅವನಿಗೆ ಇಪ್ಪತ್ತು ವರ್ಷ. ಅದೇ ವರ್ಷದ ಡಿಸೆಂಬರಿನಲ್ಲಿ ಕಾಯಿಲೆಬಿದ್ದು ಅಲ್ಲಿಯ ಆಸ್ಪತ್ರೆ ಸೇರಿದನು. ಅರ್ನೆಸ್ಟ್ ಅಯರನ್ಸ್ ಎಂಬ ಕಿರಿಯ ವೈದ್ಯರು ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ದುಂಡಗಿರಬೇಕಾದ ಕೆಂಪು ಕಣಗಳಲ್ಲಿ ಕೆಲವು ಉದ್ದಕ್ಕೆ ಎಳೆದಂತೆ, ಬಾಗಿದ ಕುಡುಗೋಲಿನಂತೆ ಕಂಡವು. ಅವರ ಹಿರಿಯರಾದ ಜೇಮ್ಸ್ ಹೆರಿಕ್ ಆ ರೋಗಿಯನ್ನು ಬಹುಕಾಲ ಗಮನಿಸಿ ೧೯೧೦ರಲ್ಲಿ ಈ ವಿಷಯವನ್ನು ಪ್ರಕಟಿಸಿದರು. ನೋಯೆಲ್ ಓದು ಮುಗಿಸಿ ತನ್ನ ದ್ವೀಪಕ್ಕೆ ಹಿಂದಿರುಗಿ, ಕೆಲವು ವರ್ಷ ದಂತವೈದ್ಯನಾಗಿದ್ದು, ೧೯೧೬ರಲ್ಲಿ ಪುಪ್ಪುಸದ ಜ್ವರದಿಂದ ತೀರಿಕೊಂಡನು. ಕುಡುಗೋಲಿಗೆ ಇಂಗ್ಲಿಷಿನಲ್ಲಿ ಸಿಕಲ್ ಎನ್ನುತ್ತಾರೆ. ಅದರಿಂದಲೇ ರೋಗಕ್ಕೆ ಈ ಹೆಸರು ಬಂದಿತು.

ಕಣಗಳು ಹೀಗೇಕೆ ಬಾಗುತ್ತವೆ? ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಪ್ರಾಣವಾಯುವನ್ನು ಹೊತ್ತು ತಿರುಗುವ ಹೀಮೊಗ್ಲೋಬಿನ್ ಎಂಬ ವಸ್ತು ಈ ರೋಗಿಗಳಲ್ಲಿ ಬೇರೆ ಜಾತಿಯದೆಂದು ೧೯೪೯ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ತೋರಿಸಿದರು. ಕೆಲವೇ ವರ್ಷಗಳ ಅನಂತರ ವೆರ್ನನ್ ಇಂಗ್ರಾಂ ಆ ಭೇದ ಎಷ್ಟು ಚಿಕ್ಕದೆಂಬುದನ್ನು ಕಂಡುಹಿಡಿದರು. ಹೀಮೊಗ್ಲೋಬಿನ್ನಿನ ಒಂದು ಸರಪಣಿಯಲ್ಲಿ ೧೪೬ ಕೊಂಡಿಗಳಿವೆ. ಅವುಗಳಲ್ಲಿ ಆರನೆಯ ಕೊಂಡಿಯೊಂದು ಮಾತ್ರ ಬದಲಾಗಿದೆ. ಅಷ್ಟರಿಂದಲೇ, ರಕ್ತದಲ್ಲಿ ಪ್ರಾಣವಾಯು ಕಡಮೆಯಾದಾಗ ಈ ಹೀಮೊಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾದ ಎಳೆಗಳಾಗಿ ನಿಲ್ಲುತ್ತದೆ. ಕಣ ಬಾಗುತ್ತದೆ, ಬಿರುಸಾಗುತ್ತದೆ. ಸಾಮಾನ್ಯವಾಗಿ ಕೆಂಪು ಕಣ ೧೨೦ ದಿನ ಬದುಕುತ್ತದೆ. ಇವು ಹತ್ತು ಇಪ್ಪತ್ತು ದಿನಗಳಲ್ಲೇ ಒಡೆದುಹೋಗುತ್ತವೆ. ರಕ್ತಹೀನತೆ, ಕಣ್ಣಿನ ಹಳದಿ, ಸಣ್ಣ ನಾಳಗಳಲ್ಲಿ ಕಣಗಳು ಸಿಕ್ಕಿಕೊಂಡು ಕೈಕಾಲು ಬೆನ್ನುಗಳಲ್ಲಿ ಏಳುವ ತಡೆಯಲಾರದ ನೋವು ಇವೆಲ್ಲ ಬರುವುದು ಹೀಗೆ.

ಇದು ಅಂಟುರೋಗವಲ್ಲ. ತಾಯಿತಂದೆಗಳಿಂದ ಬರುವಂಥದು. ಒಬ್ಬರಿಂದ ಮಾತ್ರ ಬಂದರೆ ಮಗು ವಾಹಕ. ಬಹುಮಟ್ಟಿಗೆ ಆರೋಗ್ಯವಾಗಿಯೇ ಇರುತ್ತದೆ. ಇಬ್ಬರಿಂದಲೂ ಬಂದರೆ ರೋಗ. ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ, ಪ್ರತಿಯೊಂದು ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಒಬ್ಬರು ಸಿಕಲ್ ವಾಹಕರಾಗಿ, ಮತ್ತೊಬ್ಬರು ಥಲಸೀಮಿಯ ಎಂಬ ಇನ್ನೊಂದು ರಕ್ತದೋಷದ ವಾಹಕರಾಗಿದ್ದರೂ ಮಗುವಿಗೆ ಇಂಥದೇ ರೋಗ ಬರಬಹುದು.

ನಮ್ಮ ದೇಶದಲ್ಲಿ

ಇದು ಆಫ್ರಿಕದವರ ರೋಗವೆಂದು ಬಹುಕಾಲ ಭಾವಿಸಿದ್ದರು. ೧೯೫೨ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬಿಬ್ಬರು ನೀಲಗಿರಿಯ ಬುಡಕಟ್ಟು ಜನರಲ್ಲಿ ಇದನ್ನು ಕಂಡರು. ಅದೇ ವರ್ಷ ಅಸ್ಸಾಮಿನ ಚಹಾ ತೋಟಗಳಲ್ಲಿ, ಬೇರೆ ಪ್ರಾಂತಗಳಿಂದ ದುಡಿಯಲು ಬಂದಿದ್ದ ಕೂಲಿಗಾರರಲ್ಲಿಯೂ ಇದು ಕಾಣಿಸಿಕೊಂಡಿತು. ಇಂದು ವಿದರ್ಭ, ನಂದುರಬಾರ್, ದಕ್ಷಿಣ ಗುಜರಾತ್, ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾಗಳಲ್ಲಿ ಇದು ಹೆಚ್ಚೆಂದು ನಮಗೆ ತಿಳಿದಿದೆ. ನಮ್ಮ ಕರ್ನಾಟಕದಲ್ಲಿಯೂ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಿನ ಅಂಚಿನಲ್ಲಿರುವ ಸೋಲಿಗರು, ಜೇನು ಕುರುಬರು ಮೊದಲಾದವರಲ್ಲಿ ಇದು ಉಂಟು. ಎಲ್ಲೆಲ್ಲಿ ಮಲೇರಿಯಾ ಹೆಚ್ಚಾಗಿತ್ತೋ ಅಲ್ಲೆಲ್ಲ ಇದು ಉಳಿದುಬಂದಿತು. ಏಕೆಂದರೆ ವಾಹಕರಾದ ಮಕ್ಕಳು ಮಲೇರಿಯದ ಉಗ್ರರೂಪದಿಂದ ಉಳಿದುಕೊಳ್ಳುತ್ತಿದ್ದರು. ಇದನ್ನು ೧೯೫೪ರಲ್ಲಿ ಆಂಥೊನಿ ಆಲಿಸನ್ ತೋರಿಸಿಕೊಟ್ಟರು.

ಹಾಗೆಂದು ಇದು ಬುಡಕಟ್ಟಿನವರಿಗೆ ಮಾತ್ರ ಸಂಬಂಧಿಸಿದ್ದೆಂದು ಕೈ ತೊಳೆದುಕೊಳ್ಳುವಂತಿಲ್ಲ. ವಿದರ್ಭದಲ್ಲಿ ಇತರ ಅನೇಕ ಜಾತಿಗಳವರಲ್ಲಿಯೂ ಇದೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮ ಮಕ್ಕಳು ಅಲ್ಲಿಯವರನ್ನೇ ಕೈಹಿಡಿಯುತ್ತಿದ್ದಾರೆ, ಸಂತೋಷದ ವಿಷಯ. ಆದರೆ ಊರಿನಲ್ಲಿ ಹಿರಿಯರು ಕೇಳರಿಯದ ರೋಗವೊಂದು ಹೊಸ ನಂಟಿನ ಮನೆಯಲ್ಲಿ ಇರಬಹುದು. ನಮ್ಮ ಮನೆಗೆ ಬಂದು ಪಾತ್ರೆ ಬಟ್ಟೆ ಮಾಡಿಕೊಡುವ ಹೆಂಗಸಿನ ಮಗಳಿಗಿರಬಹುದು. ನಮ್ಮ ಮಗನ ತರಗತಿಯ ಗೆಳೆಯನಿಗಿರಬಹುದು. ತಿಳಿದವರು ನಾಲ್ಕು ಮಾತು ಹೇಳಿದರೆ ಒಂದು ಜೀವ ಉಳಿದೀತು.

ಮೆದುಳಿನ ಮೋರಿಗಳು

ಇನ್ನು ಮೆದುಳಿನ ವಿಷಯಕ್ಕೆ ಬರೋಣ. ಒಂದು ಮನೆಗೆ ನೀರು ಬರುವ ನಲ್ಲಿಯೂ ಬೇಕು, ಬಳಸಿದ ನೀರು ಹೋಗುವ ಬಚ್ಚಲ ಮೋರಿಯೂ ಬೇಕು. ನಲ್ಲಿ ನಿಂತರೆ ಮನೆಯಲ್ಲಿ ಕೂಡಲೆ ಗದ್ದಲವೇಳುತ್ತದೆ. ಮೋರಿ ಕಟ್ಟಿಕೊಂಡರೆ ಹಾಗಲ್ಲ. ಮೊದಲು ನೀರು ಮೆಲ್ಲಗೆ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ, ಕೊನೆಗೆ ಹೊಸಲು ದಾಟಿ ಒಳಕ್ಕೆ ಬರುತ್ತದೆ.

ಮೆದುಳಿಗೂ ಹೀಗೆಯೇ ಎರಡು ಬಗೆಯ ನಾಳಗಳು. ಹೃದಯದಿಂದ ರಕ್ತ ತರುವವು ಧಮನಿಗಳು. ಇವುಗಳಲ್ಲಿ ಒಂದು ಕಟ್ಟಿಕೊಂಡರೆ ಇದ್ದಕ್ಕಿದ್ದಂತೆ ಕೈಕಾಲು ಬಿದ್ದುಹೋಗುತ್ತದೆ, ಮಾತು ತೊದಲುತ್ತದೆ. ಪಾರ್ಶ್ವವಾಯುವೆಂದು ನಾವೆಲ್ಲ ಬಲ್ಲ ರೋಗ ಇದೇ. ಸಿಕಲ್ ಸೆಲ್ ಇರುವ ಮಕ್ಕಳಿಗೆ ಇದರ ಅಪಾಯವೂ ಉಂಟು. ಬಳಸಿದ ರಕ್ತವನ್ನು ಹಿಂದಕ್ಕೆ ಒಯ್ಯುವವು ಸಿರೆಗಳು. ಮೆದುಳಿನ ಸಿರೆಗಳೆಲ್ಲ ಕೂಡಿ, ಮೆದುಳಿನ ಹೊದಿಕೆಯ ಪದರಗಳ ನಡುವೆ ಇರುವ ಅಗಲವಾದ ಕಾಲುವೆಗಳಿಗೆ ಬಂದು ಸೇರುತ್ತವೆ. ಅವುಗಳಲ್ಲಿ ದೊಡ್ಡದು ನೆತ್ತಿಯ ನಡುವೆ, ಹೆಂಗಸರು ಬೈತಲೆ ತೆಗೆಯುವ ಜಾಡಿನ ಕೆಳಗೇ ಎನ್ನುವಂತೆ, ಮುಂದಿನಿಂದ ಹಿಂದಕ್ಕೆ ಸಾಗುತ್ತದೆ. ಹಿಂದಲೆಯಲ್ಲಿ ಅದು ಎಡಬಲಕ್ಕೆ ತಿರುಗಿ, ಕಿವಿಗಳ ಹಿಂಬದಿಯಿಂದ ಇಳಿದು ಕುತ್ತಿಗೆಯ ದೊಡ್ಡ ಸಿರೆಗಳನ್ನು ಕೂಡಿಕೊಳ್ಳುತ್ತದೆ.

ಈ ಕಾಲುವೆಯಲ್ಲಿ ರಕ್ತ ಹೆಪ್ಪುಗಟ್ಟಿತೆನ್ನಿ. ರಕ್ತ ಹಿಂದಕ್ಕೆ ಒತ್ತುತ್ತದೆ. ತಲೆಬುರುಡೆ ಮೂಳೆಯ ಪೆಟ್ಟಿಗೆ, ಹಿಗ್ಗಲು ಅವಕಾಶವಿಲ್ಲ. ಒಳಗಿನ ಒತ್ತಡ ಏರುತ್ತ ಹೋಗುತ್ತದೆ; ಮೆದುಳು ಊದಿಕೊಳ್ಳುತ್ತದೆ; ತುಂಬಿ ಬಿಗಿದ ಚಿಕ್ಕ ಸಿರೆಗಳು ಸೋರಿ ಮೆದುಳಿನೊಳಗೆ ರಕ್ತಸ್ರಾವವೂ ಆಗಬಹುದು. ಕಟ್ಟಿಕೊಂಡ ಮೋರಿಯಂತೆ ಇದೂ ಮೆಲ್ಲಮೆಲ್ಲಗೆ, ಕೆಲವು ದಿನಗಳಲ್ಲಿ, ಒಮ್ಮೊಮ್ಮೆ ವಾರಗಳಲ್ಲಿ ಬೆಳೆಯುತ್ತದೆ. ಮೋಸವಾಗುವುದು ಇಲ್ಲಿಯೇ. ಮೆಲ್ಲಗೆ ಬರುವ ಕಷ್ಟಕ್ಕೆ ಮನುಷ್ಯ ಹೊಂದಿಕೊಂಡುಬಿಡುತ್ತಾನೆ. ನಾಳೆ ನೋಡೋಣ ಎನ್ನುತ್ತಾನೆ.

ರಕ್ತ ಹೆಪ್ಪುಗಟ್ಟುವುದೇಕೆ?

ಗಾಯವಾದಾಗ ರಕ್ತ ಹೆಪ್ಪುಗಟ್ಟಬೇಕು. ಇಲ್ಲದಿದ್ದರೆ ನಾವು ಬದುಕುವುದಿಲ್ಲ. ಗಾಯವಿಲ್ಲದ ಕಡೆ, ನಾಳದೊಳಗೇ ಹೆಪ್ಪುಗಟ್ಟುವುದಕ್ಕೆ ಮೂರು ಕಾರಣಗಳನ್ನು ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನೊಂದಿಗೆ ಇವು ಇಂದಿಗೂ ಸೇರಿಕೊಂಡಿವೆ: ರಕ್ತದ ಓಟ ನಿಧಾನವಾಗುವುದು, ನಾಳದ ಒಳಗೋಡೆ ಕೆಡುವುದು, ರಕ್ತದಲ್ಲಿಯೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು. ಸಿಕಲ್ ಸೆಲ್ ರೋಗದಲ್ಲಿ ಈ ಮೂರೂ ಕೂಡಿಬರುತ್ತವೆ. ಬಿರುಸಾದ ಕಣಗಳಿಂದ ಓಟ ತಡೆಯುತ್ತದೆ. ಅವು ನಾಳದ ಗೋಡೆಗೆ ಅಂಟಿಕೊಂಡು ಅದನ್ನು ಕೆರಳಿಸುತ್ತವೆ. ಒಡೆದ ಕಣಗಳಿಂದ ಹೊರಬಿದ್ದ ಹೀಮೊಗ್ಲೋಬಿನ್, ನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ನುಂಗಿಹಾಕುತ್ತದೆ. ಕಣಗಳ ಹೊರಮೈಯೇ ಬದಲಾಗಿ, ಹಾಲಿಗೆ ಬಿದ್ದ ಹೆಪ್ಪಿನ ಹಾಗೆ, ಸುತ್ತಲ ರಕ್ತವನ್ನು ಗಟ್ಟಿಯಾಗಲು ಪ್ರೇರಿಸುತ್ತದೆ.

ಇದು ಬರಿಯ ತರ್ಕವಲ್ಲ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಸಿಕಲ್ ಸೆಲ್ ಇರುವ ೪೦೪ ಮಂದಿ ವಯಸ್ಕರನ್ನು ಕುರಿತು ೨೦೧೩ರಲ್ಲಿ ಪ್ರಕಟಿಸಿದ ವರದಿಯಲ್ಲಿ, ೧೦೧ ಮಂದಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ, ಯಾವುದಾದರೊಂದು ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದುದು ಕಂಡುಬಂದಿತು. ಅವರಿಗೆ ಮೊದಲ ಸಲ ಹಾಗಾದಾಗ ನಡುವಯಸ್ಸೂ ಆಗಿರಲಿಲ್ಲ, ಸುಮಾರು ಮೂವತ್ತು. ಇವುಗಳಲ್ಲಿ ಹೆಚ್ಚಿನವು ಕಾಲಿನ ಸಿರೆಗಳಲ್ಲಿ, ಪುಪ್ಪುಸದಲ್ಲಿ. ಮೆದುಳಿನ ಸಿರೆಗಳಲ್ಲಿ ಆಗುವುದು ಇವಕ್ಕಿಂತ ಬಹಳ ಕಡಮೆ. ವೈದ್ಯ ಪತ್ರಿಕೆಗಳಲ್ಲಿ ಒಬ್ಬಿಬ್ಬರು ರೋಗಿಗಳ ವೃತ್ತಾಂತವಾಗಿಯೇ ಅದು ಹೆಚ್ಚಾಗಿ ಬರುತ್ತದೆ. ಅಪರೂಪವಾದುದರಿಂದಲೇ ಅದು ತಟ್ಟನೆ ನೆನಪಿಗೆ ಬರುವುದಿಲ್ಲ.

ಹೊತ್ತಿರುವ ಬೆಂಕಿಗೆ ಎಣ್ಣೆ ಹೊಯ್ಯುವಂಥ ಕಾರಣಗಳೂ ಕೆಲವಿವೆ. ಮೊದಲನೆಯದು ದೇಹದಲ್ಲಿ ನೀರು ಕಡಮೆಯಾಗುವುದು. ಸಿಕಲ್ ಸೆಲ್ ಇರುವವರ ಮೂತ್ರಪಿಂಡಗಳಿಗೆ ನೀರನ್ನು ಉಳಿಸಿಕೊಳ್ಳುವ ಶಕ್ತಿ ಸಾಲದು. ಕುಡಿದರೂ ಕುಡಿಯದಿದ್ದರೂ ಮೂತ್ರ ತೆಳ್ಳಗೆ ಹೋಗುತ್ತಲೇ ಇರುತ್ತದೆ. ವಾಂತಿ, ಭೇದಿ, ಜ್ವರ, ಬೇಸಗೆಯ ಧಗೆ, ನಿರ್ಜಲ ಉಪವಾಸ ಇವು ಅವರನ್ನು ಬೇಗ ಬತ್ತಿಸುತ್ತವೆ. ರಜೆಗೆ ಊರಿಗೆ ಹೊರಟಾಗ, ರೈಲಿನ ಶೌಚಾಲಯದ ರಗಳೆ ಬೇಡವೆಂದು ಹೆಂಗಸರು ರಾತ್ರಿಯೆಲ್ಲ ನೀರು ಮುಟ್ಟದೆ ಕುಳಿತುಕೊಳ್ಳುವುದುಂಟು. ಈ ರೋಗವಿರುವವರು ಹಾಗೆ ಮಾಡಬಾರದು. ಎರಡನೆಯದು ಸೋಂಕು, ಮುಖ್ಯವಾಗಿ ಕಿವಿಯದು. ಕಿವಿಯ ಹಿಂದೆಯೇ ಆ ಕಾಲುವೆ ಹೋಗುವುದೆಂದು ಮೇಲೆ ಹೇಳಿದೆಯಷ್ಟೆ. ಮೂರನೆಯದು ಬಸಿರು, ಬಾಣಂತನ. ನಾಲ್ಕನೆಯದು ಈಸ್ಟ್ರೊಜೆನ್ ಸೇರಿದ ಗರ್ಭನಿರೋಧಕ ಮಾತ್ರೆಗಳು. ಹಬ್ಬ, ವ್ರತ, ಮದುವೆಗಳ ಸಲುವಾಗಿ ಮುಟ್ಟನ್ನು ಮುಂದೂಡಲು ಅಂಗಡಿಯಿಂದ ಮಾತ್ರೆ ತರಿಸಿ ನುಂಗುವ ಅಭ್ಯಾಸ ನಮ್ಮ ಮನೆಗಳಲ್ಲಿಯೂ ಉಂಟು. ಸಿಕಲ್ ಸೆಲ್ ಇರುವವರು ಇಂಥ ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಲೇ ಕೂಡದು.

ಬಾಣಂತಿಗೆ ನೀರು

ಇಲ್ಲಿ ನಮ್ಮ ಹಿರಿಯರೊಂದಿಗೆ ಒಂದು ಮಾತು ಆಡಬೇಕಾಗಿದೆ. ಹೆರಿಗೆಯ ಅನಂತರದ ವಾರಗಳಲ್ಲಿ ಎಲ್ಲ ಹೆಂಗಸರ ರಕ್ತಕ್ಕೂ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಾಗಿರುತ್ತದೆ. ಹೆರಿಗೆಯ ರಕ್ತಸ್ರಾವವನ್ನು ತಡೆಯಲು ಪ್ರಕೃತಿ ಮಾಡಿದ ಏರ್ಪಾಡು ಅದು. ಅದರ ಮೇಲೆ ನಮ್ಮ ಕಡೆಯ ಕೆಲವು ಮನೆಗಳಲ್ಲಿ ಬಾಣಂತಿಗೆ ನೀರನ್ನು ಗುಟುಕು ಲೆಕ್ಕದಲ್ಲಿ ಕೊಡುವ ರೂಢಿಯಿದೆ; ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂಬ ನಂಬಿಕೆ. ಬಾಣಂತಿಯರಿಗೆ ಮೆದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ವೈದ್ಯರು ಬಹುಕಾಲದಿಂದ ಕಂಡು, ಅದನ್ನು ಕುರಿತು ಮತ್ತೆಮತ್ತೆ ಬರೆದಿದ್ದಾರೆ. ನೀರಿನ ಕೊರತೆ ಇದಕ್ಕೆ ಒಂದು ಕಾರಣವೆಂದು ಭಾರತದ ವೈದ್ಯರು ಎಣಿಸುತ್ತ ಬಂದಿದ್ದಾರೆ.

ಬಾಣಂತನದ ಎಣ್ಣೆನೀರು, ಬಿಸಿಯೂಟ, ವಿಶ್ರಾಂತಿ, ತಾಯಿಯ ಮನೆಯ ಅಕ್ಕರೆ ಇವೆಲ್ಲ ಇರಲಿ. ಅಷ್ಟು ಪ್ರೀತಿಯಿಂದ ನೋಡಿಕೊಳ್ಳುವ ಕೈಯೇ ನೀರಿನ ತಂಬಿಗೆಯನ್ನು ದೂರವಿಡುವುದು ಬೇಡ. ಬಿಸಿನೀರು ಬೇಕೆಂದರೆ ಬಿಸಿನೀರನ್ನೇ ಕೊಡಿ; ಧಾರಾಳವಾಗಿ ಕೊಡಿ. ಎಲ್ಲ ಬಾಣಂತಿಯರಿಗೂ ಇದು ಒಳ್ಳೆಯದು. ಸಿಕಲ್ ಸೆಲ್ ಇರುವ ಬಾಣಂತಿಗೆ ಜೀವದ ಮಾತು. ಬಾಣಂತಿಗೆ ತಲೆನೋವು ಬಂದರೆ ಗಾಳಿ ಹೊಕ್ಕಿತೆಂದು ಕಿವಿಗೆ ಹತ್ತಿ ಇಟ್ಟು ಕಾಯುತ್ತ ಕುಳಿತುಕೊಳ್ಳಬೇಡಿ.

ಗುರುತು ಹಿಡಿಯುವುದು ಹೇಗೆ?

ಎಲ್ಲಕ್ಕಿಂತ ಹೆಚ್ಚಿನ ಲಕ್ಷಣ ತಲೆನೋವು. ೨೧ ದೇಶಗಳ ೬೨೪ ರೋಗಿಗಳನ್ನು ಗಮನಿಸಿ ೨೦೦೪ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಹತ್ತಿರ ಹತ್ತಿರ ನೂರಕ್ಕೆ ೮೯ ಮಂದಿಗೆ ತಲೆನೋವಿದ್ದಿತು. ನೂರಕ್ಕೆ ೩೯ ಮಂದಿಗೆ ಸೆಳವು, ಅಂದರೆ ಫಿಟ್ಸ್, ಬಂದಿದ್ದಿತು. ಈ ರೋಗಿಗಳೆಲ್ಲ ಸಿಕಲ್ ಸೆಲ್ ಇದ್ದವರಲ್ಲ. ಬೇರೆ ಬೇರೆ ಕಾರಣಗಳಿಂದ ಮೆದುಳಿನ ಸಿರೆ ಕಟ್ಟಿಕೊಂಡವರು. ಲಕ್ಷಣಗಳು ಮಾತ್ರ ಎಲ್ಲರಿಗೂ ಸಮಾನ.

ಈ ತಲೆನೋವಿನ ನಡೆಯನ್ನು ಹೀಗೆ ನೆನಪಿಡಬಹುದು. ಇದು ದಿನೇ ದಿನೇ ಏರುತ್ತದೆ. ಮಾತ್ರೆಗೆ ಬಗ್ಗುವುದಿಲ್ಲ, ಅಥವಾ ಬಗ್ಗಿದಂತೆ ಮಾಡಿ ಮತ್ತೆ ಬರುತ್ತದೆ. ಮಲಗಿದರೆ ಹೆಚ್ಚು, ಬೆಳಗಿನ ಜಾವ ಹೆಚ್ಚು, ಕೆಮ್ಮಿದರೆ, ಬಗ್ಗಿದರೆ, ಮುಕ್ಕಿದರೆ ಹೆಚ್ಚು. ಜತೆಗೆ ವಾಂತಿ ಬರಬಹುದು. ಕಣ್ಣು ಮಂಜಾಗಬಹುದು, ಒಂದು ವಸ್ತು ಎರಡಾಗಿ ಕಾಣಬಹುದು. ಒಂದು ಕೈ ಅಥವಾ ಕಾಲಿನಲ್ಲಿ ಬಲಹೀನತೆ, ಮಾತಿನಲ್ಲಿ ತಡವರಿಕೆ, ಮಂಪರು, ಗೊಂದಲ ಕಾಣಬಹುದು. ಕೆಲವರಲ್ಲಿ ಮೊದಲಿಗೇ ಸೆಳವು ಬಂದೀತು. ಎಲ್ಲರಲ್ಲಿಯೂ ಎಲ್ಲವೂ ಇರಬೇಕೆಂದಿಲ್ಲ. ತಲೆನೋವೊಂದೇ ಇರುವುದೂ ಉಂಟು.

ಸಿಕಲ್ ಸೆಲ್ ಇರುವವರಲ್ಲಿ ಇದು ಅಡಗಿಕೊಳ್ಳಲು ಒಂದು ವಿಶೇಷ ಕಾರಣವಿದೆ. ಅವರ ಬಾಳಿನಲ್ಲಿ ನೋವು ಹೊಸದಲ್ಲ. ಮೈಕೈ ನೋವಿನ ಸರದಿ ಬಂದಾಗಲೆಲ್ಲ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿಕೊಂಡು, ನೀರು ಏರಿಸಿಕೊಂಡು ಬಂದವರು ಅವರು. ತಲೆನೋವು ಬಂದರೂ ಮನೆಯವರು, ಇದೂ ಅದೇ ಇರಬೇಕೆನ್ನುತ್ತಾರೆ. ನೋವಿನ ಸೂಜಿ ಬಿದ್ದು ಕಣ್ಣು ಮುಚ್ಚಿದರೆ, ನಿದ್ದೆ ಬಂದಿತೆಂದು ಸಮಾಧಾನಪಡುತ್ತಾರೆ. ಅದು ನಿದ್ದೆಯೋ ಮಂಪರೋ ಎಂದು ಯಾರು ಹೇಳಬೇಕು? ಹತ್ತಿರದಿಂದ ಬಲ್ಲ ತಾಯಿಯೋ ಗಂಡನೋ ಹೇಳಬೇಕು. “ಇವಳಿಗೆ ಯಾವಾಗಲೂ ಬರುವ ನೋವು ಇದಲ್ಲ, ಇದು ಬೇರೆ” ಎಂಬ ಒಂದು ವಾಕ್ಯ ವೈದ್ಯರಿಗೆ ಎಷ್ಟೋ ಪರೀಕ್ಷೆಗಳಿಗಿಂತ ಬೆಲೆಯುಳ್ಳದ್ದು.

ಪರೀಕ್ಷೆ

ತಲೆಯ ಸ್ಕ್ಯಾನ್ ಮಾಡಿಸಿದೆವು, ಏನೂ ಇಲ್ಲವೆಂದರು ಎಂದು ನಿಶ್ಚಿಂತರಾಗುವವರಿದ್ದಾರೆ. ಮಾಮೂಲಿನ ಸಿ.ಟಿ. ಸ್ಕ್ಯಾನಿನಲ್ಲಿ ಈ ಹೆಪ್ಪು ಎಷ್ಟೋ ಸಲ ಕಾಣುವುದೇ ಇಲ್ಲ. ಸಿರೆಗಳನ್ನೇ ತೋರಿಸುವ ಬೇರೆ ಚಿತ್ರ ತೆಗೆಯಬೇಕಾಗುತ್ತದೆ. ಅದಕ್ಕೆ ವೀನೋಗ್ರಾಂ ಎನ್ನುತ್ತಾರೆ, ಸಿ.ಟಿ. ಯಂತ್ರದಲ್ಲಿಯೂ ತೆಗೆಯಬಹುದು, ಎಂ.ಆರ್.ಐ. ಯಂತ್ರದಲ್ಲಿಯೂ ತೆಗೆಯಬಹುದು. ಕಣ್ಣಿನ ಡಾಕ್ಟರರು ದೀಪ ಹಿಡಿದು ಕಣ್ಣಿನ ಹಿಂಬದಿಯನ್ನು ನೋಡಿದರೆ, ತಲೆಯೊಳಗೆ ಒತ್ತಡ ಏರಿದ್ದರೆ ಅಲ್ಲಿಯ ನರ ಊದಿರುವುದು ಕಾಣಬಹುದು. ಊದಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. “ಸಿಕಲ್ ಸೆಲ್ ಇದೆ, ಹೊಸ ತಲೆನೋವು, ಏರುತ್ತಿದೆ, ಸಿರೆಗಳ ಚಿತ್ರ ಬೇಕಾಗುತ್ತದೆಯೆ?” ಎಂದು ಕೇಳುವುದು ಅಧಿಕಪ್ರಸಂಗವಲ್ಲ. ನೀವು ವಿನಯದಿಂದ ಕೇಳಿದ ಪ್ರಶ್ನೆಗೆ ಯಾವ ಒಳ್ಳೆಯ ವೈದ್ಯರೂ ಸಿಡುಕಲಾರರು.

ಚಿಕಿತ್ಸೆ

ಮುಖ್ಯ ಔಷಧ ಹೆಪಾರಿನ್. ಹೆಪ್ಪು ಬೆಳೆಯದಂತೆ ತಡೆಯುವುದು ಅದರ ಕೆಲಸ. ಬೆಳೆಯುವುದು ನಿಂತರೆ ದೇಹವೇ ಮೆಲ್ಲಗೆ ಹೆಪ್ಪನ್ನು ಕರಗಿಸಿ ದಾರಿ ಬಿಡಿಸಿಕೊಳ್ಳುತ್ತದೆ. ಈ ಔಷಧದ ಬಗ್ಗೆ ಹಿಂದೆ ವೈದ್ಯರಿಗೂ ಅಂಜಿಕೆಯಿತ್ತು. ಮೆದುಳಿನಲ್ಲಿ ರಕ್ತಸ್ರಾವವಾಗುವ ಸಂಭವವಿರುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧ ಕೊಡುವುದೆ? ೧೯೯೧ರಲ್ಲಿ ಜರ್ಮನಿಯ ಐನ್‌ಹೋಪ್ಲ್ ಮತ್ತು ಅವರ ಸಂಗಡಿಗರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಹತ್ತು ರೋಗಿಗಳಿಗೆ ಹೆಪಾರಿನ್ ಕೊಟ್ಟರು, ಹತ್ತು ಮಂದಿಗೆ ಕೊಡಲಿಲ್ಲ. ಕೊಟ್ಟವರಲ್ಲಿ ಎಂಟು ಮಂದಿ ಪೂರ್ಣ ಗುಣವಾದರು, ಇಬ್ಬರಿಗೆ ಅಲ್ಪಸ್ವಲ್ಪ ತೊಂದರೆ ಉಳಿಯಿತು; ಯಾರೂ ಸಾಯಲಿಲ್ಲ. ಕೊಡದವರಲ್ಲಿ ಮೂವರು ತೀರಿಕೊಂಡರು. ಪೂರ್ಣ ಗುಣವಾದವನು ಒಬ್ಬನೇ. ಭೇದ ಇಷ್ಟು ಸ್ಪಷ್ಟವಾದುದರಿಂದ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದರು. ಈಗ, ಸಿರೆ ಕಟ್ಟಿಕೊಂಡದ್ದರಿಂದಲೇ ಸೋರಿದ ರಕ್ತ ಸ್ವಲ್ಪ ಇದ್ದರೂ, ವೈದ್ಯರು ಎಚ್ಚರಿಕೆಯಿಂದ ಹೆಪಾರಿನ್ ಕೊಡುತ್ತಾರೆ. ಆಮೇಲೆ ಕೆಲವು ತಿಂಗಳು, ಅಗತ್ಯವಿದ್ದರೆ ಇನ್ನೂ ಹೆಚ್ಚು ಕಾಲ, ನುಂಗುವ ಮಾತ್ರೆ. ಅದನ್ನು ನಡುವೆ ನಿಲ್ಲಿಸಬಾರದು. ವಾರ್ಫರಿನ್ ಆದರೆ ಆಗಾಗ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು.

ಮೇಲೆ ಹೇಳಿದ ೬೨೪ ರೋಗಿಗಳಲ್ಲಿ ನೂರಕ್ಕೆ ೭೯ ಮಂದಿ ಸಂಪೂರ್ಣವಾಗಿ, ಇಲ್ಲವೆ ಹೆಚ್ಚು ಕಡಮೆ ಸಂಪೂರ್ಣವಾಗಿ, ಗುಣ ಹೊಂದಿದರು. ನೂರಕ್ಕೆ ೮ ಮಂದಿ ತೀರಿಕೊಂಡರು. ಹೈದರಾಬಾದಿನ ನಿಜಾಮ್ಸ್ ವೈದ್ಯ ಸಂಸ್ಥೆಯವರು ೨೦೧೨ರಲ್ಲಿ ೪೨೮ ರೋಗಿಗಳ ವರದಿಯನ್ನು ಪ್ರಕಟಿಸಿದ್ದಾರೆ. ಅವರಲ್ಲಿ ಗಂಡಸರೇ ಅರ್ಧಕ್ಕಿಂತ ತುಸು ಹೆಚ್ಚು. ಆದುದರಿಂದ ಇದು ಹೆಂಗಸರ ರೋಗವೆಂದು ಗಂಡಸರು ಸುಮ್ಮನಿರುವಂತಿಲ್ಲ. ಇದಕ್ಕೆ ಚಿಕಿತ್ಸೆ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ದಿನನಿತ್ಯದ ಕೆಲಸವೆಂಬುದೂ ಇದರಿಂದ ತಿಳಿಯುತ್ತದೆ.

ಸಿಕಲ್ ಸೆಲ್ ಇರುವವರಿಗೆ ಇದರ ಜತೆಗೆ ಇನ್ನೂ ಕೆಲವು ಉಪಚಾರ ಬೇಕು. ನೀರು, ಪ್ರಾಣವಾಯು, ಸೋಂಕಿದ್ದರೆ ಅದಕ್ಕೆ ಔಷಧ. ಕೆಲವೊಮ್ಮೆ ಅವರ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ದಾನಿಗಳ ರಕ್ತವನ್ನು ತುಂಬುತ್ತಾರೆ. ಬಾಗುವ ಕಣಗಳ ಪಾಲು ಇದರಿಂದ ಇಳಿಯುತ್ತದೆ. “ರಕ್ತ ಕಡಮೆಯಿದೆಯಲ್ಲ, ಎರಡು ಬಾಟಲಿ ಏರಿಸಿಬಿಡಿ” ಎಂದು ಮನೆಯವರು ಒತ್ತಾಯ ಮಾಡುವುದುಂಟು. ಬಾಗುವ ಕಣಗಳು ಹಾಗೆಯೇ ಇರುವಾಗ ಮೇಲೆ ಮೇಲೆ ರಕ್ತ ತುಂಬಿದರೆ ರಕ್ತ ಗಟ್ಟಿಯಾಗಿ ಓಟ ಇನ್ನೂ ಕುಂಠಿತವಾಗುತ್ತದೆ. ಎಷ್ಟು, ಯಾವಾಗ ಎಂಬ ಲೆಕ್ಕ ವೈದ್ಯರಿಗಿರಲಿ. ಗುಣವಾದ ಮೇಲೆ ಹೈಡ್ರಾಕ್ಸಿಯೂರಿಯ ಎಂಬ ಔಷಧ ಬಹಳ ಮಂದಿಗೆ ಉಪಯುಕ್ತ. ಅದು ನೋವಿನ ಸರದಿಗಳನ್ನು ಹೆಚ್ಚು ಕಡಮೆ ಅರ್ಧದಷ್ಟು ತಗ್ಗಿಸುವುದೆಂದು ೧೯೯೫ರಲ್ಲಿಯೇ ಸಿದ್ಧವಾಗಿದೆ.

ಮನೆಯವರು ಮಾಡಬೇಕಾದುದು

ಊರಿನಿಂದ ದೂರವಿರುವವರಿಗೆ ಇಲ್ಲೊಂದು ತೊಡಕುಂಟು. ಮಗುವಿನ ಹಳೆಯ ಕಾಗದಪತ್ರ ಊರಿನ ಮನೆಯ ಟ್ರಂಕಿನಲ್ಲಿ. ಕಾಯಿಲೆ ಬಂದುದು ಇಲ್ಲಿ. ಡಾಕ್ಟರರ ಭಾಷೆ ಮರಾಠಿ, ಹಿಂದಿ, ತಮಿಳು, ತೆಲುಗು. ತಾಯಿಯ ಸಂಕಟ ಕನ್ನಡದಲ್ಲಿ. ಆದುದರಿಂದ ಒಂದು ಚೀಟಿಯಲ್ಲಿ ರೋಗದ ಹೆಸರು, ರಕ್ತದ ಗುಂಪು, ಯಾವಾಗಲೂ ಇರುವ ಹೀಮೊಗ್ಲೋಬಿನ್ ಪ್ರಮಾಣ, ಕುಡಿಯುವ ಔಷಧಗಳು, ಹಿಂದೆ ರಕ್ತ ಕೊಟ್ಟ ವಿವರ ಇವನ್ನು ಇಂಗ್ಲಿಷಿನಲ್ಲಿ ಬರೆಸಿ ಕೈಚೀಲದಲ್ಲಿಯೂ, ಮೊಬೈಲಿನಲ್ಲಿ ಚಿತ್ರವಾಗಿಯೂ ಇಟ್ಟುಕೊಳ್ಳಿ. ಆ ಊರಿನ ಭಾಷೆಯಲ್ಲಿ ಮೂರು ಮಾತು ಕಲಿತಿರಿ: ಸಿಕಲ್ ಸೆಲ್ ಇದೆ, ಈ ತಲೆನೋವು ಹೊಸದು, ಇಷ್ಟು ದಿನದಿಂದ ಏರುತ್ತಿದೆ. ಸಂಘದ ನೆರೆಹೊರೆಯವರಲ್ಲಿ ಭಾಷೆ ಬಲ್ಲವರು ಒಬ್ಬರು ಜತೆಗೆ ಹೋದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸಿಕಲ್ ಸೆಲ್ ರೋಗವನ್ನು ೨೦೪೭ರೊಳಗೆ ನಿವಾರಿಸಬೇಕೆಂದು ಭಾರತ ಸರ್ಕಾರ ೨೦೨೩ರ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಒಂದು ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ರಕ್ತ ಪರೀಕ್ಷಿಸುವುದು ಅದರ ಗುರಿ; ಕರ್ನಾಟಕವೂ ಅದರಲ್ಲಿ ಸೇರಿದೆ. ಮುಂಬಯಿಯ ಪರಳದಲ್ಲಿ, ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ರಕ್ತಸಂಶೋಧನ ಸಂಸ್ಥೆಯಲ್ಲಿ ಇಂಥ ರೋಗಗಳ ಬಗ್ಗೆ ಬಹುಕಾಲದಿಂದ ಕೆಲಸ ನಡೆದಿದೆ. ಮದುವೆಗೆ ಮುಂಚೆ ಜಾತಕ ಕೂಡಿಸುವವರು ಕೂಡಿಸಲಿ. ಜತೆಗೆ ರಕ್ತವನ್ನೂ ಒಮ್ಮೆ ನೋಡಿಸಲಿ. ವಾಹಕರಾಗಿರುವುದು ಕಳಂಕವಲ್ಲ. ತಿಳಿಯದೆ ಇರುವುದರಿಂದಲೇ ಹಾನಿ.

ಇಷ್ಟನ್ನೆಲ್ಲ ಓದಿದವರು ಸಿಕಲ್ ಸೆಲ್ ಇರುವವರ ಪ್ರತಿಯೊಂದು ತಲೆನೋವಿಗೂ ಗಾಬರಿಯಾಗಬೇಕಾಗಿಲ್ಲ. ಸಾಮಾನ್ಯ ತಲೆನೋವು ಅವರಿಗೂ ಬರುತ್ತದೆ, ಹೋಗುತ್ತದೆ. ಆದರೆ ಹೊಸದಾಗಿ ಬಂದದ್ದು, ಏರುತ್ತಿರುವುದು, ಮಲಗಿದರೆ ಹೆಚ್ಚಾಗುವುದು, ವಾಂತಿಯೋ ಕಣ್ಮಂಜೋ ಸೆಳವೋ ಜತೆಗೂಡಿದ್ದು ಇದ್ದರೆ ಬೆಳಗಾಗಲೆಂದು ಕಾಯಬೇಡಿ, ಭಾನುವಾರ ಕಳೆಯಲೆಂದು ಕಾಯಬೇಡಿ, ಊರಿನಿಂದ ಹಿರಿಯರು ಬರಲೆಂದು ಕಾಯಬೇಡಿ. ಶುಂಠಿಯ ಪಟ್ಟು ಒಣಗುವುದರೊಳಗೆ ಆಸ್ಪತ್ರೆಯ ಬಾಗಿಲಲ್ಲಿರಿ.